ನೀರು ಏರಿಳಿಯೋ ಕಡೆ ಬೀವರ್‌ಗೆ ತೇಲುವ ಟ್ರ್ಯಾಪ್: ಫ್ಲೋಟ್ ಎಷ್ಟು ದೊಡ್ಡದಿರಬೇಕು, ಸರಪಳಿ ಎಲ್ಲಿಗೆ ಕಟ್ಟಬೇಕು?

ಕ್ಯಾಬಿನ್_ಕಿಟ್ಟಿ:
ಎಲ್ಲರಿಗೂ ನಮಸ್ಕಾರ. ವಿಸ್ಕಾನ್ಸಿನ್‌ನ ಹೇವರ್ಡ್ ಹತ್ತಿರ, ಚಿಪ್ಪೆವಾ ಫ್ಲೋಯೇಜ್ ದಂಡೆಯಲ್ಲಿ ನಮ್ಮದೊಂದು ಚಿಕ್ಕ ಕ್ಯಾಬಿನ್ ಇದೆ. ಇದು ಹುಟ್ಟು ಕೆರೆಯಲ್ಲ, 1920ರ ದಶಕದಲ್ಲಿ ಅಣೆಕಟ್ಟು ಹಾಕಿ ಆದ ಹಿನ್ನೀರು. ಲಿಂಗನಮಕ್ಕಿ ಹಿನ್ನೀರು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ನಡುಗಡ್ಡೆಗಳು, ನೀರು ಇಳಿದಾಗ ತಲೆ ಎತ್ತೋ ಹಳೇ ಮರದ ಬೊಡ್ಡೆಗಳು, ಒಂದೇ ಮಟ್ಟದಲ್ಲಿ ನಿಲ್ಲದ ನೀರು.

ಈ ಸಲ ಬೀವರ್ (ನೀರಲ್ಲಿ ವಾಸ ಮಾಡೋ, ಹಲ್ಲಿನಿಂದ ಮರ ಕಡಿಯೋ ದೊಡ್ಡ ದಂಶಕ) ಕಾಟ ಜೋರಾಗಿದೆ. ದಂಡೆಯ ಪಾಪ್ಲರ್ ಮರಗಳು ಒಂದೊಂದಾಗಿ ಉರುಳ್ತಿವೆ, ಬುಡದ ಸುತ್ತ ಹೆಬ್ಬೆರಳಗಲದ ಚಕ್ಕೆಗಳ ರಾಶಿ. ದೋಣಿ ಕಟ್ಟೋ ಜಾಗದ ಪಕ್ಕ ನೆಲ ಕುಸಿದು ಮೊಣಕಾಲವರೆಗೆ ಕಾಲು ಇಳಿಯೋ ಗುಂಡಿ ಬಿದ್ದಿದೆ. ಅಡಿಯಲ್ಲಿ ಬಿಲ ಇದೆ ಅಂತ ಆಮೇಲೆ ಗೊತ್ತಾಯ್ತು.

ಲೈಸೆನ್ಸ್ ಇರೋ ಸ್ಥಳೀಯ ಟ್ರ್ಯಾಪರ್ ಒಬ್ಬರು ಬಂದು ಬಿಲದ ಹಾದಿಯಲ್ಲಿ 330 ಅನ್ನೋ ಟ್ರ್ಯಾಪ್ ಇಟ್ರು. ಅಣೆಕಟ್ಟಿನಲ್ಲಿ ನೀರು ಬಿಟ್ಟಿದ್ದೇ ತಡ, ಮಟ್ಟ ಇಳಿದು ಟ್ರ್ಯಾಪ್ ಬಯಲಿಗೆ ಬಂತು. ಪಕ್ಕದವರ ನಾಯಿ ಅದೇ ದಂಡೆಯಲ್ಲಿ ಓಡಾಡುತ್ತೆ. ತಕ್ಷಣ ತೆಗೆದು, "ಇಲ್ಲಿಗೆ ತೇಲೋದೇ ಆಗಬೇಕು. ಫ್ಲೋಟ್ ನೀನು ಮಾಡಿಡು, ಟ್ರ್ಯಾಪ್ ನಾನು ಇಡ್ತೀನಿ" ಅಂದ್ರು. ಮರಗೆಲಸ ಸುಮಾರಾಗಿ ಬರುತ್ತೆ. ಅಳತೆ ಏನು, ಫೋಮಾ ದಿಮ್ಮಿಯಾ, ಸರಪಳಿ ಎಲ್ಲಿಗೆ ಕಟ್ಟೋದು, ಯಾರಾದ್ರೂ ಹೇಳ್ತೀರಾ?

ಹುಬ್ಳಿ_ಹುಡುಗ:
ಅಲ್ರೀ, ಐಟಿ ಕೆಲಸಕ್ಕ ಅಂತ ಹೋದವ್ರು ಈಗ ಬೇಟೆಗಾರ ಆಗೀರೇನ್ರಿ! ಇರ್ಲಿ, ಎಳಿ ಹಿಡಕೊಂಡು ಕುಂತೇನಿ, ಮುಂದುವರಸ್ರಿ.

ಶಿರಸಿ_ಸುಮಾ:
ಕಿಟ್ಟಿ ಅವರೇ, ನಿಮ್ಮ ಟ್ರ್ಯಾಪರ್ ಹೇಳಿದ್ದು ಸರಿಯಾಗೇ ಇದೆ. ನಾನು ಮಿನೆಸೋಟದಲ್ಲಿದ್ದೀನಿ. ರಸ್ತೆ ಮೋರಿಗಳನ್ನ ಕಟ್ಟಿಹಾಕೋ ಬೀವರ್ ತೆಗೆಯೋ ಕೆಲಸ ಮಾಡ್ತೀನಿ, ಲೈಸೆನ್ಸ್ ಇದೆ. (ಹೌದು, ಹವ್ಯಕರ ಮನೆ ಹುಡುಗಿಯೇ. ಅಮ್ಮನಿಗೆ ಇನ್ನೂ ಪೂರ್ತಿ ವಿಷಯ ಹೇಳಿಲ್ಲ.)

330 ಗೊತ್ತಿಲ್ಲದವರಿಗೆ ಎರಡು ಮಾತು. ಹತ್ತು ಇಂಚು ಚೌಕದ ಎರಡು ಉಕ್ಕಿನ ಚೌಕಟ್ಟು, ಎರಡು ಸ್ಪ್ರಿಂಗ್. ಕೆನಡಾದ ವಾಯವ್ಯ ಪ್ರಾಂತ್ಯದಲ್ಲಿ ಟ್ರ್ಯಾಪರ್ ಆಗಿದ್ದ ಫ್ರಾಂಕ್ ಕಾನಿಬೇರ್ ರೂಪಿಸಿದ್ದು, 1950ರ ದಶಕದ ಕೊನೆಗೆ ಮಾರುಕಟ್ಟೆಗೆ ಬಂತು. ಇವತ್ತಿಗೂ ಯಾವ ಕಂಪನಿ ಮಾಡಿದ್ರೂ ಜನ ಕಾನಿಬೇರ್ ಅಂತಲೇ ಕರೀತಾರೆ. ತಲೆ ತೂರಿಸಿದ ಪ್ರಾಣಿಯ ಕುತ್ತಿಗೆಗೆ ಇಲ್ಲವೇ ಎದೆಗೆ ಬಡಿಯುತ್ತೆ. ನಾಯಿ ತಲೆ ಹಾಕಿದರೂ ಅದೇ ಗತಿ. ಅದಕ್ಕೇ ವಿಸ್ಕಾನ್ಸಿನ್ ಸೇರಿ ಹಲವು ರಾಜ್ಯಗಳಲ್ಲಿ ಇಷ್ಟು ದೊಡ್ಡದನ್ನ ಒಣ ನೆಲದ ಮೇಲೆ ಇಡೋ ಹಾಗಿಲ್ಲ, ನೀರಲ್ಲೇ ಇರಬೇಕು. ದಂಡೆಯ ಗೂಟಕ್ಕೆ ಕಟ್ಟಿದ್ದು ಸಂಜೆ ಕಾನೂನು ಪ್ರಕಾರ ಇದ್ರೂ, ರಾತ್ರಿ ನೀರಿಳಿದರೆ ಬೆಳಗ್ಗೆ ಹಾಗಿರಲ್ಲ.

ಫ್ಲೋಟ್ ಮಾಡೋ ಕೆಲಸ ಇಷ್ಟೇ: ನೀರು ಎಷ್ಟೇ ಏರಲಿ ಇಳಿಯಲಿ, ಟ್ರ್ಯಾಪ್ ನೀರಿನ ಮೇಲ್ಮೈಯಿಂದ ಅದೇ ಆಳದಲ್ಲಿ ಉಳಿಯೋ ಹಾಗೆ ನೋಡಿಕೊಳ್ಳೋದು. ಬೀವರ್‌ನ ಅದು ಹೆಚ್ಚು ಸೆಳೆಯಲ್ಲ. ನೀರು ಏರಿಳಿಯದ ಕೊಳದಲ್ಲಿ ಫ್ಲೋಟ್ ಇಡೋದು ಬರೀ ಶೋಕಿ, ಅಲ್ಲಿ ಎರಡು ಗೂಟ ಸಾಕು.

ಎರಡು ಬಗೆ ಇವೆ. ಮೊದಲನೇದರಲ್ಲಿ ಹಲಗೆ ಮೇಲೆ ಕೆಸರಿನ ಗುಡ್ಡೆ ಮಾಡಿ ಕ್ಯಾಸ್ಟರ್ (ಬೀವರ್ ಮೈಯ ಚೀಲದಿಂದ ತೆಗೆದ ವಾಸನೆ ವಸ್ತು) ಹಚ್ಚಿ, ಪ್ರಾಣಿ ಹತ್ತೋ ಅಂಚಿನಲ್ಲಿ ಕಾಲು ಹಿಡಿಯೋ ಟ್ರ್ಯಾಪ್ ಇಡ್ತಾರೆ. ಹಿಡಿದ ಮೇಲೆ ಪ್ರಾಣಿ ಆಳಕ್ಕೆ ಹೋಗಿ ಅಲ್ಲೇ ಉಳೀಬೇಕು. ಅದಕ್ಕೆ ಬೇರೆ ಕೇಬಲ್, ಕೆಳಮುಖವಾಗಿ ಮಾತ್ರ ಜಾರೋ ಲಾಕ್, ತಳದಲ್ಲಿ ಭಾರದ ಮೂಟೆ ಬೇಕು. ಹಿನ್ನೀರಿನಲ್ಲಿ ತೊಂದರೆ ಇರೋದೇ ಇಲ್ಲಿ. ನೀರಿಳಿದರೆ ಕೇಬಲ್ ಸಡಿಲ ಬೀಳುತ್ತೆ, ಲಾಕ್ ಜಾರಲ್ಲ, ಪ್ರಾಣಿ ಮೇಲೇ ಒದ್ದಾಡ್ತಾ ಉಳಿಯುತ್ತೆ. ಇಂಥ ಕಡೆ ನಾನಂತೂ ಅದನ್ನ ಇಡಲ್ಲ. ಎರಡನೇದು, ಎರಡು ದಿಮ್ಮಿ ಪಕ್ಕಪಕ್ಕ, ನಡುವೆ ಓಣಿ, ಓಣಿಯ ಬಾಯಲ್ಲಿ 330. ನಿಮ್ಮ ಜಾಗಕ್ಕೆ ಇದೇ ಸೈ. ಕಟ್ಟೋ ವಿಧಾನ ರಾತ್ರಿ ಬರೀತೀನಿ.

ಮಂಡ್ಯ_ಮಂಜುಳಾ:
ಒಂದು ನೇರ ಪ್ರಶ್ನೆ. ಯಾಕೆ ಕೊಲ್ಲಲೇಬೇಕು? ಅದರ ಜಾಗಕ್ಕೆ ನೀವು ಹೋಗಿ ಕ್ಯಾಬಿನ್ ಕಟ್ಟಿದ್ದು. ಬೀವರ್ ಕಟ್ಟೆಯೊಳಗೆ ಪೈಪ್ ಹಾಯಿಸಿ ನೀರಿನ ಮಟ್ಟ ತಗ್ಗಿಸೋ ಉಪಾಯ ಇದೆ, ಪ್ರಾಣಿ ಪಾಡಿಗೆ ಪ್ರಾಣಿ ಇರುತ್ತೆ. ಇಲ್ಲಾಂದ್ರೆ ಹಿಡಿದು ಬೇರೆ ಕಡೆ ಬಿಡಿ. ಮಸಾಚುಸೆಟ್ಸ್‌ನಲ್ಲಿ ಇಂಥ ಟ್ರ್ಯಾಪ್‌ಗಳನ್ನೇ ಜನ ಮತ ಹಾಕಿ ನಿಲ್ಲಿಸಿದ್ರು.

ಶಿರಸಿ_ಸುಮಾ:
ಮಂಜುಳಾ ಅವರೇ, ಕೇಳಬೇಕಾದ ಪ್ರಶ್ನೆಯೇ. ಪೈಪ್ ಉಪಾಯ ನಾನೂ ಮಾಡಿಸ್ತೀನಿ. ಅಗಲದ ಪ್ಲಾಸ್ಟಿಕ್ ಪೈಪನ್ನ ಕಟ್ಟೆ ಮೂಲಕ ಹಾಯಿಸಿ, ನೀರು ಒಳಗೆ ಬರೋ ತುದಿಗೆ ದೊಡ್ಡ ತಂತಿ ಪಂಜರ ಹಾಕ್ತೀವಿ. ಹರಿಯೋ ಸದ್ದು, ಸೆಳೆತ ಗೊತ್ತಾಗದಿದ್ರೆ ಬೀವರ್ ಅದನ್ನ ಮುಚ್ಚೋಕೆ ಬರಲ್ಲ. ಮೋರಿಗಳಿಗೆ ತುಂಬಾ ಒಳ್ಳೇ ಪರಿಹಾರ, ಟ್ರ್ಯಾಪ್‌ಗಿಂತ ಅಗ್ಗವೂ ಹೌದು. ಯಾಕಂದ್ರೆ ಒಂದು ಕುಟುಂಬ ತೆಗೆದ ಜಾಗಕ್ಕೆ ಮರುವರ್ಷ ಇನ್ನೊಂದು ಬರುತ್ತೆ. ಆದ್ರೆ ಕಿಟ್ಟಿ ಅವರ ಹಿನ್ನೀರಿನಲ್ಲಿ ಬೀವರ್ ಕಟ್ಟೆಯೇ ಕಟ್ಟಿಲ್ಲ. ಮನುಷ್ಯರೇ ಕಟ್ಟಿಕೊಟ್ಟ ನೀರಿದೆ, ಅದು ದಂಡೆಯಲ್ಲಿ ಬಿಲ ತೋಡಿಕೊಂಡಿದೆ. ಅಲ್ಲಿ ಪೈಪ್ ಎಲ್ಲಿ ಹಾಕೋಣ?

ಹಿಡಿದು ಬಿಡೋದಕ್ಕೆ ಬಹಳ ರಾಜ್ಯಗಳಲ್ಲಿ ಅನುಮತಿ ಬೇಕು, ಸಿಗೋದು ಕಷ್ಟ. ಮಸಾಚುಸೆಟ್ಸ್ ಮತದಾನ 1996ರಲ್ಲಿ ಆಯ್ತು, ನಿಜ. ಆಮೇಲೆ ನೀರು ನುಗ್ಗಿದ ದೂರುಗಳು ಹೆಚ್ಚಾಗಿ, 2000ದಲ್ಲಿ ಕಾನೂನು ತಿದ್ದಿ ಊರಿನ ಆರೋಗ್ಯ ಮಂಡಳಿ ಮೂಲಕ ತುರ್ತು ಅನುಮತಿ ಕೊಡೋ ಏರ್ಪಾಡು ಮಾಡಿದ್ರು. ಅದನ್ನೂ ಸೇರಿಸಿ ಹೇಳಬೇಕು.

ಇನ್ನೊಂದು ಮಾತು. ಬೀವರ್ ನೀರೊಳಗೆ ಹದಿನೈದು ನಿಮಿಷದವರೆಗೂ ಉಸಿರು ಹಿಡೀಬಲ್ಲದು. ಕಾಲು ಹಿಡಿದು ಮುಳುಗಿಸೋದು ಎಷ್ಟು ಹೊತ್ತಿನ ಸಾವು ಅಂತ ನೀವೇ ಲೆಕ್ಕ ಹಾಕಿ. ನಾನು 330 ಬಿಟ್ಟು ಬೇರೆ ಇಡದೇ ಇರೋಕೆ ಮುಖ್ಯ ಕಾರಣ ಅದು.

ಟೊರೊಂಟೊ_ತಿಪ್ಪೇಶ:
ಕೆನಡಾದಿಂದ ಒಂದು ಅಡ್ಡಮಾತು. ಈ ದೇಶದ ಐದು ಸೆಂಟ್ ನಾಣ್ಯದ ಮೇಲೆ 1937ರಿಂದ ಬೀವರ್ ಕೂತಿದೆ, 1975ರಲ್ಲಿ ಕಾನೂನು ಮಾಡಿ ರಾಷ್ಟ್ರೀಯ ಲಾಂಛನ ಅಂತಲೂ ಘೋಷಿಸಿದ್ರು. ಹಾಗಂತ ಟ್ರ್ಯಾಪ್ ನಿಂತಿಲ್ಲ. 1670ರಲ್ಲಿ ಹಡ್ಸನ್ಸ್ ಬೇ ಕಂಪನಿ ಹುಟ್ಟಿದ್ದೇ ತುಪ್ಪಳದ ವ್ಯಾಪಾರಕ್ಕೆ. ಯುರೋಪಿನವರ ಫೆಲ್ಟ್ ಟೋಪಿಗೆ ಬೀವರ್ ಚರ್ಮ ಬೇಕಿತ್ತು, ಚರ್ಮದ ಲೆಕ್ಕದಲ್ಲೇ ಕೊಡಲಿ, ಕಂಬಳಿಗೆ ಬೆಲೆ ಕಟ್ತಿದ್ರು. ಬಹಳ ಕಡೆ ಸಂತತಿಯೇ ಅಳಿದು, ಮತ್ತೆ ತಂದು ಬಿಡಬೇಕಾಯ್ತು. 1948ರಲ್ಲಿ ಐಡಹೋದಲ್ಲಿ 76 ಬೀವರ್‌ಗಳನ್ನ ಪೆಟ್ಟಿಗೆಯಲ್ಲಿಟ್ಟು ವಿಮಾನದಿಂದ ಪ್ಯಾರಾಶೂಟ್ ಕಟ್ಟಿ ಇಳಿಸಿದ್ರು, ಸತ್ತದ್ದು ಒಂದೇ ಒಂದು. ಇದು ತಮಾಷೆಯಲ್ಲ, ಸರ್ಕಾರಿ ಕೆಲಸ!

ಒಂಟಾರಿಯೊದಲ್ಲಿ ಟ್ರ್ಯಾಪಿಂಗ್ ಲೈಸೆನ್ಸ್ ಬೇಕಂದ್ರೆ ಮೊದಲು ಕೋರ್ಸ್ ಮಾಡಿ ಪರೀಕ್ಷೆ ಪಾಸಾಗಬೇಕು. ಕಿಟ್ಟಿ, ಟ್ರ್ಯಾಪ್ ಮುಟ್ಟೋದನ್ನ ಅವರಿಗೇ ಬಿಡಿ. ನೀವು ಬಡಗಿ ಕೆಲಸ ಮಾಡಿ ಸಾಕು.

ಹುಬ್ಳಿ_ಹುಡುಗ:
ಬೀವರಿಗೆ ಪ್ಯಾರಾಶೂಟು! ನಮ್ಮ ಕಡೆ ಬಸ್ಸಿಗೆ ಟಾಪ್ ಇಲ್ಲ.

ಶಿರಸಿ_ಸುಮಾ:
ಕಟ್ಟೋ ವಿಧಾನ.

ಒಣಗಿದ ಸೀಡರ್ ದಿಮ್ಮಿ ಎರಡು. ಐದಾರು ಅಡಿ ಉದ್ದ, ಎಂಟು ಇಂಚಿನಷ್ಟು ದಪ್ಪ. ಹಸಿ ಮರ ಬೇಡ, ಅರ್ಧಕ್ಕರ್ಧ ಮುಳುಗಿಯೇ ಕೂರುತ್ತೆ. ನಡುವಿನ ಓಣಿ ಟ್ರ್ಯಾಪ್ ಚೌಕಟ್ಟಿನ ಎರಡೂ ಕಡೆ ಬೆರಳಗಲ ಬಿಡುವಷ್ಟು ಇರಲಿ, ಸ್ಪ್ರಿಂಗ್‌ಗಳು ಮೇಲ್ಮುಖವಾಗಿ ನಿಲ್ಲಲಿ. ದಿಮ್ಮಿಗಳನ್ನ ಹಿಡಿದಿಡೋಕೆ ಮೇಲೆ ಎರಡು ಅಡ್ಡಪಟ್ಟಿ. ಇಲ್ಲಿ ಗಮನ ಕೊಡಿ: ಟ್ರ್ಯಾಪ್ ಬಡಿಯುವಾಗ ಚೌಕಟ್ಟು ಹಿಂದಕ್ಕೂ ಮುಂದಕ್ಕೂ ತಿರುಗುತ್ತೆ. ಆ ತಿರುಗೋ ಜಾಗಕ್ಕೆ ಅಡ್ಡಪಟ್ಟಿಯಾಗಲಿ ಮೊಳೆಯಾಗಲಿ ಬಂದ್ರೆ ಅರ್ಧ ಬಡಿದು ನಿಲ್ಲುತ್ತೆ, ಪ್ರಾಣಿಗೆ ಗಾಯ ಮಾತ್ರ ಆಗುತ್ತೆ. ಕೈಯಲ್ಲಿ ಟ್ರ್ಯಾಪ್ ಇಲ್ಲದಿದ್ರೆ ರಟ್ಟಿನಲ್ಲಿ ಹತ್ತು ಇಂಚಿನ ಎರಡು ಚೌಕ ಕತ್ತರಿಸಿ, ಪಕ್ಕದಲ್ಲಿ ಮೊಳೆ ಚುಚ್ಚಿ ತಿರುಗಿಸಿ ನೋಡಿಕೊಳ್ಳಿ.

ಟ್ರ್ಯಾಪ್‌ನ ಮೇಲಂಚು ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ. ಅದರ ಮೇಲೆ ನೀರು ಮುಟ್ಟಿಕೊಂಡು ಒಂದು ಅಡ್ಡಕೋಲು. ಈಜಿ ಬಂದ ಬೀವರ್ ಮೂಗಿನ ಮುಂದೆ ಕೋಲು ಕಂಡರೆ ಹತ್ತಿ ದಾಟಲ್ಲ, ತಲೆ ತಗ್ಗಿಸಿ ಅಡಿಯಿಂದ ನುಸಿಯುತ್ತೆ. ನುಸಿದಾಗ ತಲೆ ಇರೋದು ಸರಿಯಾಗಿ ಚೌಕಟ್ಟಿನ ನಡುವೆ. ಓಣಿಯ ಹಿಂಬದಿಯನ್ನ ತಂತಿ ಜಾಲರಿಯಿಂದ ಮುಚ್ಚಿ. ಅಲ್ಲಿ ಪಾಪ್ಲರ್ ಕೊಂಬೆ ಕಟ್ಟಿ, ಒಂದಷ್ಟು ತೊಗಟೆ ಸುಲಿದು ಬಿಳಿ ಕಾಣೋ ಹಾಗೆ ಮಾಡಿ. ಹಿಮ ಕರಗಿದ ಮೇಲಾದ್ರೆ ಕ್ಯಾಸ್ಟರ್ ಕೂಡ. ಎರಡು ವರ್ಷ ತುಂಬಿದ ಮರಿಗಳು ಅಪ್ಪ ಅಮ್ಮನ ಬಿಟ್ಟು ಹೊಸ ಜಾಗ ಹುಡುಕೋ ಕಾಲ ಅದು. ಅಪರಿಚಿತ ವಾಸನೆ ಬಂದ್ರೆ ಮನೆಯವೂ ಬಿಡಲ್ಲ, ಬಂದು ಅದರ ಮೇಲೆ ತಮ್ಮ ಗುರುತು ಹಾಕಲೇಬೇಕು. ಬೇರೆ ಕಾಲದಲ್ಲಿ ಕ್ಯಾಸ್ಟರ್‌ಗೆ ಅಷ್ಟು ಜೋರಿಲ್ಲ, ಕೊಂಬೆಯೇ ಮೇಲು.

ದಾವಣಗೆರೆ_ಮೆಕ್ಯಾನಿಕಲ್:
ದಿಮ್ಮಿ ಸಿಗದವರಿಗೆ ಫೋಮ್ ಲೆಕ್ಕ ಹೇಳ್ತೀನಿ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡು ಇಂಚು ದಪ್ಪದ ಗಟ್ಟಿ ಫೋಮ್ ಶೀಟ್ ಸುಮಾರು 38 ಲೀಟರ್ ಜಾಗ ತಗೊಳ್ಳುತ್ತೆ. ಪೂರ್ತಿ ಮುಳುಗಿದರೆ ಅಷ್ಟೇ ನೀರನ್ನ ತಳ್ಳುತ್ತೆ. ಶೀಟಿನ ತೂಕ ಒಂದು ಕಿಲೋ ಚಿಲ್ಲರೆ. ಅಂದ್ರೆ ಹತ್ತಿರ ಹತ್ತಿರ 37 ಕಿಲೋ ಹೊರುತ್ತೆ. 330 ಒಂದೂವರೆ ಕಿಲೋ ಆಸುಪಾಸು. ಒಂದು ಬಕೆಟ್ ಕೆಸರು ಹತ್ತು ಕಿಲೋ ದಾಟುತ್ತೆ, ಅದನ್ನ ಮಾತ್ರ ಮರೀಬೇಡಿ.

ಎಲ್ಲರೂ "ಬೀವರ್ ಇಪ್ಪತ್ತೈದು ಕಿಲೋ, ಫ್ಲೋಟ್ ಮುಳುಗಲ್ವಾ" ಅಂತ ಕೇಳ್ತಾರೆ. ನೀರೊಳಗಿನ ಪ್ರಾಣಿಯ ಭಾರ ಫ್ಲೋಟ್ ಮೇಲೆ ಬೀಳೋದೇ ಇಲ್ಲ ಅನ್ನಬಹುದು, ಅದರ ಸಾಂದ್ರತೆ ನೀರಿನ ಹತ್ತಿರವೇ ಇರುತ್ತೆ. ಭಾರ ಬೀಳೋದು ಮೇಲೆ ಹತ್ತಿದಾಗ. ಆಗಲೂ ಮುಳುಗೋದಕ್ಕಿಂತ ವಾಲೋದೇ ಸಮಸ್ಯೆ. ಎರಡಡಿ ಅಗಲದ ಹಲಗೆಯ ಒಂದಂಚಿಗೆ ಮುಂಗಾಲು ಊರಿದರೆ ಆಚೆ ಅಂಚು ಮೇಲೇಳುತ್ತೆ, ಪ್ರಾಣಿ ಬೆದರಿ ಹಿಂದೆ ಸರಿಯುತ್ತೆ. ಅದಕ್ಕೆ ಅಗಲ ಜಾಸ್ತಿ ಮಾಡಿ, ಎತ್ತರ ಅಲ್ಲ. ಸುಮಾ ಅವರ ಎರಡು ದಿಮ್ಮಿ ವಿನ್ಯಾಸ ವಾಲಲ್ಲ, ಭಾರ ಎರಡು ಬದಿಗೆ ಹಂಚಿಹೋಗಿರುತ್ತೆ.

ಶಿರಸಿ_ಸುಮಾ:
ಚೆನ್ನಾಗಿ ಹೇಳಿದ್ರಿ ಸರ್. ಒಂದೇ ಸೇರಿಸ್ತೀನಿ: ಫೋಮ್ ಬರಿದಾಗಿ ಬಿಡಬೇಡಿ. ಮಸ್ಕ್‌ರ್‍ಯಾಟ್ (ನೀರಲ್ಲಿರೋ ಇಲಿ ಜಾತಿಯದು) ಕಡಿದು ಪುಡಿ ಮಾಡುತ್ತೆ, ಬಿಳಿ ಕಾಳುಗಳೆಲ್ಲ ನೀರು ಪಾಲು. ಮೇಲೆ ಕೆಳಗೆ ಪ್ಲೈವುಡ್, ಬದಿಗೆ ಸಣ್ಣ ಕಣ್ಣಿನ ತಂತಿ ಜಾಲರಿ.

ಕ್ಯಾಬಿನ್_ಕಿಟ್ಟಿ:
ಅಕ್ಕ, ದಿಮ್ಮಿಯೇ ಮಾಡ್ತೀನಿ. ಸರಪಳಿ ವಿಷಯ ಉಳೀತು. ಫ್ಲೋಟ್‌ಗೇ ಕಟ್ಟಿಬಿಟ್ರೆ ಆಗಲ್ವಾ? ಮತ್ತೆ ಫ್ಲೋಟ್ ಗಾಳಿಗೆ ಹೋಗದ ಹಾಗೆ ಏನು ಮಾಡ್ಲಿ? ಈ ಫ್ಲೋಯೇಜ್‌ನಲ್ಲಿ ಮರ ಬೆಳೆದ ತೇಲು ಜವುಗುಗಳೇ ಗಾಳಿಗೆ ಓಡಾಡ್ತವೆ. ಒಂದು ದೊಡ್ಡದನ್ನ ಊರಿನವರೆಲ್ಲ ಸೇರಿ ದೋಣಿಗಳಿಂದ ನೂಕಿ ಜಾಗ ಬದಲಿಸ್ತಾರೆ.

ಶಿರಸಿ_ಸುಮಾ:
ತಮ್ಮಾ, ಇಡೀ ಕೆಲಸದಲ್ಲಿ ಕೈಕೊಡೋ ಜಾಗ ಇದು. ಫ್ಲೋಟ್ ಯಾರು ಬೇಕಾದ್ರೂ ತೇಲಿಸ್ತಾರೆ.

ತಳದಲ್ಲಿ ಕೆಸರಿದ್ದು ನೀರು ಆರಡಿ ಒಳಗಿದ್ರೆ ಎರಡು ಕಬ್ಬಿಣದ ಪೈಪ್ ಬಲವಾಗಿ ಬಡಿಯಿರಿ, ಫ್ಲೋಟ್‌ನ ಒಂದೊಂದು ತುದಿಗೆ ಒಂದೊಂದು. ಫ್ಲೋಟ್‌ಗೆ ದೊಡ್ಡ ಬಳೆ ಹಾಕಿ ಪೈಪಿಗೆ ತೊಡಿಸಿ. ಬಳೆ ಪೈಪಿಗಿಂತ ಧಾರಾಳವಾಗಿ ಅಗಲ ಇರಬೇಕು, ಬಿಗಿಯಾದ್ರೆ ಕಸ ಸಿಕ್ಕಿ ನಿಂತುಬಿಡುತ್ತೆ. ಈಗ ಫ್ಲೋಟ್ ಮೇಲೆ ಕೆಳಗೆ ಮಾತ್ರ ಹೋಗುತ್ತೆ. ಪೈಪಿನ ಉದ್ದ ಇವತ್ತಿನ ನೀರು ನೋಡಿ ಇಡಬೇಡಿ. ತುಂಬಿದಾಗ ನೀರು ಎಲ್ಲಿವರೆಗೆ ಬರುತ್ತೆ ಅಂತ ದಂಡೆಯ ಬಂಡೆ, ಮರದ ಬುಡದಲ್ಲಿ ಗೆರೆ ಇರುತ್ತೆ, ಅದಕ್ಕಿಂತ ಎರಡಡಿ ಮೇಲೆ. ಇಲ್ಲಾಂದ್ರೆ ಒಂದು ಮಳೆಗೆ ಫ್ಲೋಟ್ ಪೈಪಿನ ತುದಿ ದಾಟಿ ಹೊರಟುಹೋಗುತ್ತೆ.

ತಳ ಕಲ್ಲಾದ್ರೆ ಪೈಪ್ ಇಳಿಯಲ್ಲ. ಆಗ ಎರಡು ತುದಿಗೂ ಕಲ್ಲು ತುಂಬಿದ ಮೂಟೆ, ಹಗ್ಗ ತುಂಬಿದ ನೀರಿನ ಆಳಕ್ಕಿಂತ ಉದ್ದ. ಒಂದೇ ಲಂಗರು ಹಾಕಿದ್ರೆ ಗಾಳಿಗೆ ಸುತ್ತುತ್ತೆ, ಓಣಿಯ ಬಾಯಿ ದಿನಕ್ಕೊಂದು ಕಡೆ.

ಟ್ರ್ಯಾಪ್ ಸರಪಳಿ ಫ್ಲೋಟ್‌ಗೆ ಬೇಡ. ಬೇರೆ ಉಕ್ಕಿನ ಕೇಬಲ್‌ನಲ್ಲಿ ಪೈಪಿನ ಬುಡಕ್ಕೆ ಇಲ್ಲವೇ ಮೂಟೆಗೆ ಕಟ್ಟಿ, ನೀರು ಏರಿದಾಗ ಎಳೆಯದಷ್ಟು ಉದ್ದ ಬಿಡಿ. ಫ್ಲೋಟ್ ಒಡೆದರೂ, ಯಾರದೋ ಮೋಟಾರ್ ಬೋಟ್ ತಾಗಿ ಹೋದರೂ ಟ್ರ್ಯಾಪ್ ಅಲ್ಲೇ ಇರಬೇಕು. 330 ಕಟ್ಟಿರೋ ಫ್ಲೋಟ್ ಎಲ್ಲೋ ತೇಲಿಹೋಗಿ ಈಜೋ ಮಕ್ಕಳ ಹತ್ತಿರ ನಿಲ್ಲೋದನ್ನ ಯೋಚನೆ ಮಾಡಿ.

ಟುಂಗಾತೀರ_ಟೀಕಪ್ಪ:
ಓದ್ತಾ ಒಂದು ಪ್ರಶ್ನೆ. ನಮ್ಮ ಕಡೆ ಕಂಪ್ಲಿ ಹತ್ತಿರ ಮೀನುಗಾರರ ಬಲೆ ಹರಿದು ನೀರುನಾಯಿಗಳು ಮೀನು ತಿಂತಾವೆ. ಇದೇ ಥರ ಫ್ಲೋಟ್ ಮಾಡಿ, ಕೊಲ್ಲದೇ ಹಿಡಿಯೋ ಪಂಜರ ಇಟ್ರೆ?

ಶಿರಸಿ_ಸುಮಾ:
ಯೋಚನೆಯನ್ನೂ ಮಾಡಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಿಡಿಯೋದು, ಉರುಳು ಹಾಕೋದು, ಬೋನು ಇಡೋದು ಎಲ್ಲವೂ ಬೇಟೆಯೇ. ನೀವು ಹೇಳೋ ಜಾಗ ಬೇರೆ ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು, 2015ರಿಂದ. ಬಲೆ ಹರಿದಿದ್ರೆ ಅರಣ್ಯ ಇಲಾಖೆಗೆ ಬರೆದುಕೊಡಿ.

ಅಂದಹಾಗೆ ಇಲ್ಲೂ ನೀರುನಾಯಿ ಇದ್ದಾವೆ, ಬೀವರ್ ಟ್ರ್ಯಾಪ್‌ಗೆ ಅವು ಬೀಳೋದು ದೊಡ್ಡ ತಲೆನೋವು. ತೆಳ್ಳಗಿನ ದೇಹ, ಓಣಿಯ ನಡುವೆಯೇ ನುಗ್ಗುತ್ತೆ. ಅದಕ್ಕೆ ಟ್ರಿಗರ್ ತಂತಿಯನ್ನ (ತಾಗಿದ್ರೆ ಟ್ರ್ಯಾಪ್ ಬಡಿಯೋದು ಇದರಿಂದ) ನಡುವೆ ಬಿಡದೇ ಒಂದು ಬದಿಗೆ ಸರಿಸ್ತೀವಿ. ದಪ್ಪ ಬೀವರ್ ತಾಗಿಸುತ್ತೆ, ನೀರುನಾಯಿ ತಾಗಿಸದೇ ದಾಟೋ ಸಾಧ್ಯತೆ ಹೆಚ್ಚು. ಪೂರ್ತಿ ಖಾತ್ರಿ ಇಲ್ಲ.

ಮಂಡ್ಯ_ಮಂಜುಳಾ:
ಸುಮಾ, ನಿಮ್ಮ ಉತ್ತರಗಳನ್ನ ಒಪ್ಪದಿದ್ದರೂ ಓದಿಸಿಕೊಂಡು ಹೋಗ್ತವೆ. ಆದ್ರೆ ಕಿಟ್ಟಿ ಅವರ ತೊಂದರೆ ಮರ ಮತ್ತು ಗುಂಡಿ ತಾನೆ? ಮರಕ್ಕೆ ತಂತಿ ಬೇಲಿ ಸುತ್ತಿದರೆ ಸಾಲದೇ?

ಶಿರಸಿ_ಸುಮಾ:
ಮರಕ್ಕೆ ಸಾಲುತ್ತೆ, ಟ್ರ್ಯಾಪ್ ಇಟ್ಟರೂ ಅದನ್ನ ಮಾಡಲೇಬೇಕು. ಬೆಸುಗೆ ಹಾಕಿದ ಗಟ್ಟಿ ಜಾಲರಿ, ನಾಲ್ಕಡಿ ಎತ್ತರ, ಕಾಂಡಕ್ಕೆ ಅಂಟಿಸದೆ ಅರ್ಧ ಅಡಿ ಬಿಟ್ಟು. ಕೋಳಿ ಜಾಲರಿ ನಡೆಯಲ್ಲ, ಬಗ್ಗಿಸಿಬಿಡುತ್ತೆ. ಹಿಮ ಬೀಳೋ ಊರಲ್ಲಿ ಎತ್ತರವನ್ನ ಹಿಮದ ಮೇಲಿಂದ ಎಣಿಸಬೇಕು. ಗುಂಡಿಗೆ ಮಾತ್ರ ಇದು ಔಷಧ ಅಲ್ಲ. ದೋಣಿ ಹತ್ತೋ ಹಾದಿ ಅಡಿಯಲ್ಲಿ ಬಿಲ ಇದೆ ಅಂದ್ರೆ ನಾಳೆ ಯಾರೋ ವಯಸ್ಸಾದವರ ಕಾಲು ಮುರಿಯುತ್ತೆ.

ಕ್ಯಾಬಿನ್_ಕಿಟ್ಟಿ:
ಮರಗಳಿಗೆ ಜಾಲರಿ ಸುತ್ತಿ ಮುಗಿಸಿದೆ, ಮಂಜುಳಾ ಮೇಡಂಗೆ ಥ್ಯಾಂಕ್ಸ್. ಫ್ಲೋಟ್ ನೀರಿಗಿಳಿಸಿದೆ. ಟ್ರ್ಯಾಪರ್ ಬಂದು ನೋಡಿ, ಟ್ರ್ಯಾಪ್ ಈಗಲೇ ಬೇಡ, ಬರೀ ಕೊಂಬೆ ಕಟ್ಟಿ ಕ್ಯಾಮೆರಾ ಇಡು ಅಂದ್ರು. ಕ್ಯಾಮೆರಾದಲ್ಲಿ ಹಗಲೆಲ್ಲ ಆಮೆಗಳು ದಿಮ್ಮಿ ಮೇಲೆ ಬಿಸಿಲು ಕಾಯ್ತಿವೆ, ಒಂದು ಬಾತು ಜೋಡಿ ಕೂಡ. ರಾತ್ರಿ ಬೀವರ್ ಬಂದು ಕೊಂಬೆ ಎಳೆದುಕೊಂಡು ಹೋಗಿದೆ, ಓಣಿಯೊಳಗಿಂದಲ್ಲ, ಪಕ್ಕದಿಂದ ಕೈ ಹಾಕಿ!

ಶಿರಸಿ_ಸುಮಾ:
ಹಾಗಾದ್ರೆ ಕೊಂಬೆ ತುದಿ ಹೊರಗೆ ಚಾಚಿದೆ. ಓಣಿಯೊಳಗೇ ಮುಗಿಯೋ ಹಾಗೆ ಕತ್ತರಿಸಿ ತಂತಿಯಿಂದ ಬಿಗಿಯಿರಿ, ಬದಿಗಳಲ್ಲೂ ಜಾಲರಿ ನೀರೊಳಗೆ ಒಂದಡಿ ಇಳಿಬಿಡಿ. ಓಣಿಯಿಂದಲೇ ಬಂದು ತಿನ್ನೋದು ರೂಢಿ ಆದ ಮೇಲೆ ಟ್ರ್ಯಾಪ್. ಆಮೆ, ಬಾತು ಹಗಲಿನವು, ಬೀವರ್ ರಾತ್ರಿಯದು. ನಿಮ್ಮವರಿಗೆ ಹೇಳಿ, ಕತ್ತಲಾಗೋ ಹೊತ್ತಿಗೆ ಇಟ್ಟು ಬೆಳಗ್ಗೆ ಬೇಗ ತೆಗೆಯೋದಾದ್ರೆ ಅವೂ ಬಚಾವ್. ದಿಮ್ಮಿ ಮೇಲೆ ಚಪ್ಪಟೆ ಜಾಗ ಇಲ್ಲದ ಹಾಗೆ ಓರೆ ಪಟ್ಟಿ ಬಡಿದರೆ ಬಾತು ಕೂರಲ್ಲ.

ದಾವಣಗೆರೆ_ಮೆಕ್ಯಾನಿಕಲ್:
ಸುರಕ್ಷತೆ ಯಾರೂ ಬರೆದಿಲ್ಲ. 330 ಕೈ ಹಿಡಿದರೆ ಒಂದೇ ಕೈಲಿ ಬಿಡಿಸಿಕೊಳ್ಳೋದು ಬಹಳ ಕಷ್ಟ, ಅದೂ ದೋಣಿಯಲ್ಲಿ.

ಶಿರಸಿ_ಸುಮಾ:
ಹೌದು, ಬರೀಬೇಕಿತ್ತು. ಸ್ಪ್ರಿಂಗ್ ಅದುಮೋ ಉದ್ದ ಹಿಡಿಕೆಯ ಸೆಟ್ಟರ್ ಇಲ್ಲದೆ ಮುಟ್ಟಬಾರದು. ಅದುಮಿದ ಸ್ಪ್ರಿಂಗ್ ಬಿಚ್ಚದ ಹಾಗೆ ಹಿಡಿಯೋ ಕೊಕ್ಕೆ ಎರಡೂ ಹಾಕಿಯೇ ಫ್ಲೋಟ್‌ಗೆ ಕೂರಿಸಿ, ಕೈ ಹೊರಗೆ ತೆಗೆಯುವಾಗ ಕೊನೆಗೆ ಕೊಕ್ಕೆ ಬಿಡಿಸೋದು. ಜೇಬಲ್ಲಿ ಒಂದು ಮಾರು ಗಟ್ಟಿ ಹಗ್ಗ ಯಾವಾಗಲೂ ಇರಲಿ: ಸ್ಪ್ರಿಂಗಿನ ಎರಡೂ ಕಣ್ಣಿಗೆ ಹಾಯಿಸಿ, ತುದಿ ಕಾಲಲ್ಲಿ ತುಳಿದು, ಇನ್ನೊಂದು ತುದಿ ಎಳೆದರೆ ಸ್ಪ್ರಿಂಗ್ ಅದುಮುತ್ತೆ. ಲೈಫ್ ಜಾಕೆಟ್, ಜೊತೆಗೆ ಇನ್ನೊಬ್ಬರು. ಸತ್ತ ಪ್ರಾಣಿ ಮುಟ್ಟುವಾಗ ರಬ್ಬರ್ ಗ್ಲೌಸ್, ಬೀವರ್‌ನಿಂದ ಟುಲರೀಮಿಯಾ ಜ್ವರ ಹತ್ತಬಹುದು.

ಕ್ಯಾಬಿನ್_ಕಿಟ್ಟಿ:
ಕೊನೇ ಪ್ರಶ್ನೆ ಅಕ್ಕ. ಫ್ಲೋಟನ್ನ ಚಳಿಗಾಲಕ್ಕೆ ಅಲ್ಲೇ ಬಿಡಬಹುದಾ? ಮತ್ತೆ ಪಕ್ಕದ ಕೊಲ್ಲಿಯಲ್ಲೂ ಬೀವರ್ ಇದೆ ಅಂತಾರೆ, ಅಲ್ಲಿಗೂ ಸರಿಸೋಣ್ವಾ?

ಶಿರಸಿ_ಸುಮಾ:
ನೀರು ಹೆಪ್ಪುಗಟ್ಟೋಕೆ ಮುಂಚೆ ಫ್ಲೋಟ್, ಪೈಪ್ ಎರಡೂ ಮೇಲೆ ತನ್ನಿ. ಹೆಪ್ಪಿನಲ್ಲಿ ಸಿಕ್ಕ ಫ್ಲೋಟ್ ಸೀಳುತ್ತೆ, ಪೈಪ್ ಬಗ್ಗುತ್ತೆ, ಹಿಮದ ಅಡಿಯಲ್ಲಿ ಹಿಡಿಯೋ ರೀತಿಯೇ ಬೇರೆ. ಪಕ್ಕದ ಕೊಲ್ಲಿ ಯಾರದ್ದು ಅಂತ ಮೊದಲು ನಕ್ಷೆ ನೋಡಿ. ಆ ಫ್ಲೋಯೇಜ್‌ನ ಒಂದು ಭಾಗ ಲಾಕ್ ಕೋರ್ಟೆ ಒರೇ ಒಜಿಬ್ವೆ ಬುಡಕಟ್ಟಿನ ಮೀಸಲು. ಅಣೆಕಟ್ಟು ಕಟ್ಟಿದಾಗ ಮುಳುಗಿದ್ದೂ ಅವರ ಊರೇ. ಅಲ್ಲಿ ನಿಮ್ಮ ಟ್ರ್ಯಾಪರ್‌ನ ರಾಜ್ಯದ ಲೈಸೆನ್ಸ್ ಸಾಲಲ್ಲ, ಬುಡಕಟ್ಟಿನ ಕಚೇರಿಯನ್ನೇ ಕೇಳಬೇಕು. ಟ್ರ್ಯಾಪ್ ಮೇಲೆ ಮಾಲೀಕರ ಹೆಸರಿನ ಲೋಹದ ಬಿಲ್ಲೆ ಇದೆಯಾ ಅಂತಲೂ ನೋಡಿಕೊಳ್ಳಿ.

ಹುಬ್ಳಿ_ಹುಡುಗ:
ಸುಮಾ ಅಕ್ಕಾರ, ಅಮ್ಮಾರಿಗೆ ಈ ಎಳಿ ಲಿಂಕ್ ಕಳಸ್ಲೇನ್ರಿ?

ಶಿರಸಿ_ಸುಮಾ:
ಕಳಿಸಿದ್ರೆ ನಿಮ್ಮ ಅಕೌಂಟ್ ಬ್ಲಾಕ್ ಮಾಡಿಸ್ತೀನಿ ನೋಡಿ.